ನೆರಳಿಗೆ ಹಾಕಿದ ದವನ

ನಮ್ಮ ಊರಿನಲ್ಲಿ ಗೋಡೆಗೆ ನೆರಳಿಲ್ಲ. ಮರಕ್ಕಿಲ್ಲ, ಚಪ್ಪರಕ್ಕಿಲ್ಲ, ಕೊಡೆ ಹಿಡಿದರೆ ಕೊಡೆಗೂ ಇಲ್ಲ. ಮನೆಯ ಬಾಗಿಲು ಕಿಟಕಿ ಮುಚ್ಚಿದರೆ ಕತ್ತಲು, ತೆರೆದರೆ ಬಿಸಿಲು. ನಡುವೆ ಇನ್ನೊಂದಿಲ್ಲ. ನೆರಳಿರುವುದು ಮನುಷ್ಯರಿಗೆ ಮಾತ್ರ. ಅವರು ಸತ್ತ ಮೇಲೆ ಅದು ಮನೆಯವರಿಗೆ ಉಳಿಯುತ್ತದೆ.

ಇಲ್ಲಿ ಎಲ್ಲರೂ ಬೆಳೆಯುವುದು ದವನ. ಬೂದಿ ಬಣ್ಣದ ಎಲೆ, ಸಾಸಿವೆಯಷ್ಟು ಸಣ್ಣ ಹಳದಿ ಹೂವು. ಹೂವು ಬಿಟ್ಟ ಹೊತ್ತಿಗೆ ಕೊಯ್ದು, ಒಣಗಿಸಿ, ಊರ ಭಟ್ಟಿಯಲ್ಲಿ ಹಬೆ ಹಾಯಿಸಿ ಎಣ್ಣೆ ಇಳಿಸುತ್ತಾರೆ. ಒಣಗಿಸುವುದರಲ್ಲೇ ಎಲ್ಲ ಇರುವುದು. ಹಸಿಯದನ್ನೇ ಭಟ್ಟಿಗೆ ತುಂಬಿದರೆ ಹಂಡೆಯ ತುಂಬ ನೀರು ಹಿಡಿದ ಸೊಪ್ಪು, ಎಣ್ಣೆ ಅಷ್ಟಕ್ಕಷ್ಟೆ. ಬಿಸಿಲಿಗೆ ಹರವಿದರೆ ಸೊಪ್ಪಿನ ಜೊತೆ ಎಣ್ಣೆಯೂ ಆರಿಹೋಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟರೆ ಗಾಳಿಯಿಲ್ಲದೆ ಬೂಸ್ಟು ಹಿಡಿಯುತ್ತದೆ. ದವನ ಒಣಗಬೇಕಾದದ್ದು ನೆರಳಿನಲ್ಲಿ, ಗಾಳಿಗೆ. ಹಾಗಾಗಿ ಪ್ರತಿ ಮನೆಯ ಅಂಗಳದಲ್ಲೂ ಆ ಮನೆಯ ಹಿರಿಯರು ಮಲಗಿರುತ್ತಾರೆ. ಸೂರ್ಯ ಎಲ್ಲಿದ್ದರೂ ಅವರು ಅಲುಗುವುದಿಲ್ಲ. ಅವರ ಮೇಲೆ ಮನೆಯವರು ದವನ ಹರವುತ್ತಾರೆ.

ಸಂಜೆ ಸತ್ತವರ ನೆರಳು ಉದ್ದ. ನಡುಮಧ್ಯಾಹ್ನ ಸತ್ತವರದು ಒಂದು ಮೊರದಷ್ಟು. ಅದಕ್ಕೇ ಹಾಸಿಗೆ ಹಿಡಿದ ಮುದುಕರನ್ನು ಹೊತ್ತಿಳಿಯುವಾಗ ಹೊರಗೆ ತಂದು ಕೂರಿಸುತ್ತಾರೆ. ಅವರೂ ಅದನ್ನು ತಪ್ಪು ತಿಳಿಯುವುದಿಲ್ಲ. "ಇವತ್ತು ಹೋಗ್ಲೋ ಬೇಡ್ವೋ? ನೆರಳು ಕಣದವರೆಗೂ ಬಂತಾ ನೋಡು" ಎಂದು ಕೇಳುವವರನ್ನು ನಾನೇ ಕಂಡಿದ್ದೇನೆ. ಮನೆಯಲ್ಲಿ ಯಾರೂ ಸತ್ತಿರದ ಹೊಸ ಸಂಸಾರದವರು ಗಂಡ ಹೆಂಡತಿ ತಾವೇ ಸರದಿಯಲ್ಲಿ ನಿಂತು ದವನಕ್ಕೆ ನೆರಳು ಕೊಡಬೇಕು. ಬದುಕಿರುವವರ ನೆರಳು ಸುತ್ತುತ್ತದೆ, ಅದರ ಹಿಂದೆ ಅವರೂ ಸುತ್ತುತ್ತಾರೆ. ಪಕ್ಕದ ಮನೆಯ ನೆರಳನ್ನು ಕೇಳಿ ಪಡೆಯಬಹುದು, ಆದರೆ ಅದರಲ್ಲಿ ಒಣಗಿದ ದವನದ ಎಣ್ಣೆ ಆ ಮನೆಯ ಹೆಸರಿಗೇ ಹೋಗುತ್ತದೆ.

ನಾನು ಈ ಊರಿಗೆ ಬಂದದ್ದು ಓದಿನ ಕೆಲಸಕ್ಕೆ. ಸುವಾಸನೆಯ ಗಿಡಗಳನ್ನು ಒಣಗಿಸುವ ಬಗೆಗೂ ಎಣ್ಣೆಯ ಇಳುವರಿಗೂ ಇರುವ ಸಂಬಂಧ, ಅದು ವಿಶ್ವವಿದ್ಯಾಲಯದಲ್ಲಿ ನನಗೆ ಸಿಕ್ಕಿದ್ದ ವಿಷಯ. ಒಂದು ಒಣಗಿಸುವ ಪೆಟ್ಟಿಗೆ, ಒಂದು ಉಷ್ಣಮಾಪಕ, ಎಣ್ಣೆ ಇಳಿಸುವ ಗಾಜಿನ ನಳಿಕೆ ತಂದಿದ್ದೆ. ಹಾಲೇಶ ಎಂಬುವನು ತನ್ನ ಮನೆಯ ಅಂಗಳದಲ್ಲಿ ಜಾಗ ಕೊಟ್ಟ. ನಾನು ಬಿಸಿಲಿನದೊಂದು, ಪೆಟ್ಟಿಗೆಯದೊಂದು ಎಂದು ಸೊಪ್ಪನ್ನು ಬೇರೆ ಮಾಡುತ್ತಿದ್ದಾಗ ಅವನು ಹತ್ತಿರ ಬಂದು ನಿಂತು, "ನಮ್ಮಪ್ಪಂದೂ ಒಂದು ಬರ್ಕೊಳ್ಳಿ ಮೇಡಂ" ಎಂದ.

"ಏನಂತ ಬರೀಲಿ?"

"ಅಪ್ಪ ಅಂತಾನೇ ಬರೀರಿ. ನಿಮ್ಮ ಡಬ್ಬಿಗಿಂತ ಅವರೇ ಜಾಸ್ತಿ ಕೊಡ್ತಾರೆ."

ಅವನ ಅಪ್ಪ ಜಾಸ್ತಿಯೇ ಕೊಟ್ಟರು. ಪೆಟ್ಟಿಗೆಯದು ಅರ್ಧ, ಬಿಸಿಲಿನದು ಅದಕ್ಕೂ ಕಡಿಮೆ. ಅಷ್ಟು ಗೊತ್ತಾದ ಮೇಲೆ ನನ್ನ ಕೆಲಸ ಮುಗಿದಿತ್ತು. ನಾನು ಹೋಗಲಿಲ್ಲ.

ಹಾಲೇಶನನ್ನು ಮದುವೆಯಾದೆ. ಎರಡನೆಯ ಸುಗ್ಗಿಯಲ್ಲಿ, ಕೊಯ್ಲಿನ ದಿನ, ಹೊಲದ ಬದುವಿನಲ್ಲಿ ನಿಂತಿದ್ದವನು ಹಾಗೇ ಕುಸಿದ. ಎದೆ ಎಂದರು. ನಾನು ಮನೆಯಲ್ಲಿದ್ದೆ. ಓಡಿ ಹೋಗುವಷ್ಟರಲ್ಲಿ ನೆಲದ ಮೇಲೆ ಅವನೂ ಅವನ ನೆರಳೂ ಬೇರೆ ಬೇರೆ ಇದ್ದರು. ಹೊತ್ತಿಳಿದಿತ್ತು, ನೆರಳು ಉದ್ದಕ್ಕೆ ಬಿದ್ದಿತ್ತು. ಬಲಗೈ ಮೇಲೆತ್ತಿತ್ತು. ಯಾರನ್ನೋ ಕೂಗಿ ಕರೆಯುವವರ ಹಾಗೆ.

ಅವನನ್ನು ಮಣ್ಣು ಮಾಡಿದರು. ನೆರಳನ್ನು ಚಾಪೆಯ ಮೇಲೆ ಎಳೆದುಕೊಂಡು, ಸುತ್ತಿ ಮನೆಗೆ ತಂದರು. ಅಂಗಳಕ್ಕೆ ಹಾಸಲು ಹೊರಟಾಗ ನಾನು ಬೇಡವೆಂದೆ. ನೆರಳು ಬಳಸಿದಷ್ಟೂ ಸವೆಯುತ್ತದೆ, ಇದು ಊರಿನ ಮಕ್ಕಳಿಗೂ ಗೊತ್ತು. ನನ್ನ ಮಾವನದು ಎಷ್ಟೋ ಸುಗ್ಗಿ ಕಂಡು ಸವೆದು ಈಗ ಒಂದು ಕರವಸ್ತ್ರದಷ್ಟಾಗಿದೆ. ನನ್ನ ಅತ್ತೆ ದೇವೀರಮ್ಮ ಅದರಲ್ಲಿ ಮಜ್ಜಿಗೆಯ ಗಡಿಗೆ ಇಡುತ್ತಾರೆ. ಹಾಲೇಶ ಗಡಿಗೆಯಷ್ಟಾಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಚಾಪೆಯನ್ನು ಸುತ್ತಿದ ಹಾಗೇ ನನ್ನ ಮದುವೆಯ ಟ್ರಂಕಿನಲ್ಲಿಟ್ಟೆ. ಎರಡು ಕರ್ಪೂರದ ಬಿಲ್ಲೆ ಹಾಕಿ ಬೀಗ ಹಾಕಿದೆ. "ಯಾರೂ ಮುಟ್ಟಬೇಡಿ" ಎಂದೆ. ಅತ್ತೆ "ಆಯ್ತಮ್ಮ" ಎಂದರು.

ಆ ಸುಗ್ಗಿಯಲ್ಲಿ ನಮ್ಮ ಮನೆಯಿಂದ ಎಣ್ಣೆ ಹೋಗಲಿಲ್ಲ. ಕೊಯ್ದ ದವನ ಹೊಲದಲ್ಲೇ ಒಣಗಿ ಹುಲ್ಲಾಯಿತು. ಒಂದು ಸುಗ್ಗಿಗೆ ಮಾಫಿ ಇದೆ. ಎರಡು ಸುಗ್ಗಿ ಒಂದರ ಹಿಂದೊಂದು ಭಟ್ಟಿಯಲ್ಲಿ ಎಣ್ಣೆ ಅಳೆಯುವ ಗಿಂಡಿಯನ್ನು ಕಂಠದವರೆಗೆ ತುಂಬಿಸದ ಮನೆಗೆ ಭಟ್ಟಿಯ ಸರದಿ ತಪ್ಪುತ್ತದೆ. ಸರದಿ ಹೋದರೆ ಹೊಲ ಇನ್ನೊಂದು ಮನೆಗೆ. ಅಂಥವರು ಊರು ಬಿಡುತ್ತಾರೆ. ನೆರಳು ಮಾತ್ರ ಊರಗಡಿ ದಾಟುವುದಿಲ್ಲ. ಆಚೆ ಹೋಗಿ ಚಾಪೆ ಬಿಚ್ಚಿದವರಿಗೆ ಸಿಕ್ಕಿದ್ದು ಬರೀ ಚಾಪೆ.

ಈ ವರ್ಷ ಹೂವು ಬಿಟ್ಟಾಗ ಅತ್ತೆ ಕುಡುಗೋಲು ಮಸೆದರು. ಪಕ್ಕದ ಮನೆಯ ಓಬಕ್ಕ ಗೋಡೆಯ ಮೇಲೆ ಮೊಣಕೈ ಊರಿ ನೋಡುತ್ತಿದ್ದರು.

"ಎಲ್ಲಿ ಒಣಗಿಸ್ತೀಯಾ ದೇವೀರಕ್ಕ? ನಮ್ಮತ್ತೆ ಮೇಲೆ ಒಂದು ಮೂಲೆ ಖಾಲಿ ಇದೆ. ಆದ್ರೆ ಎಣ್ಣೆ ನಮ್ಮ ಲೆಕ್ಕಕ್ಕೆ ಬರುತ್ತೆ."

"ನಿಮ್ಮತ್ತೆ ಬದುಕಿದ್ದಾಗ ಪಕ್ಕದಲ್ಲಿ ಕೂರೋಕೂ ಬಿಡ್ತಿರ್ಲಿಲ್ಲ. ಈಗೇನು ಇಷ್ಟು ಧಾರಾಳ?"

"ಸತ್ತ ಮೇಲೆ ಸ್ವಲ್ಪ ಒಳ್ಳೆಯವಳಾಗಿದ್ದಾಳೆ ಕಣಕ್ಕ. ನಾನು ಅವಳ ಮೇಲೆ ಕಾಲಿಟ್ಟು ನಡೆದರೂ ಏನೂ ಅನ್ನಲ್ಲ."

ಅತ್ತೆ ನಕ್ಕರು. ನಾನು ಒಳಗಿದ್ದೆ. ಅವರು ಟ್ರಂಕಿನ ಮಾತು ಎತ್ತಬಹುದೆಂದು ಕಾದೆ. ಎತ್ತಲಿಲ್ಲ. ಆಗ ನಾನೇ ಹೊರಗೆ ಬಂದು, "ಅತ್ತೆ, ನಾನು ಒಣಗಿಸ್ತೀನಿ" ಎಂದೆ. ಒಂದು ವರ್ಷದಲ್ಲಿ ನಾನಾಗಿ ಆಡಿದ ಮಾತುಗಳಲ್ಲಿ ಅದೇ ಉದ್ದದ್ದಿರಬೇಕು. ಅವರು ನನ್ನ ಮುಖವನ್ನೇ ನೋಡಿ, "ನಿಂಗೆ ಗೊತ್ತಿರೋ ವಿದ್ಯೆ, ನೋಡು" ಎಂದರು.

ನನ್ನ ಪೆಟ್ಟಿಗೆ ಚಿಕ್ಕದು. ಹಿತ್ತಲಿನ ತಗಡಿನ ಕೊಟ್ಟಿಗೆಯನ್ನೇ ಪೆಟ್ಟಿಗೆ ಮಾಡಿದೆ. ಅಡ್ಡ ಬಿದಿರು ಕಟ್ಟಿ ಮೊದಲ ಕೊಯ್ಲಿನ ಕಟ್ಟುಗಳನ್ನು ತೂಗಿಬಿಟ್ಟೆ. ಕೆಳಗೆ ಬಾಣಲೆಗಳಲ್ಲಿ ಸಣ್ಣ ಕೆಂಡ, ಮೇಲೆ ಹಬೆ ಹೋಗಲು ಒಂದು ಕಿಂಡಿ. ಶಾಖ ನನ್ನ ಪೆಟ್ಟಿಗೆಯದಕ್ಕಿಂತ ಹದವಾಗಿದ್ದರೆ ನೆರಳಿನಷ್ಟಲ್ಲದಿದ್ದರೂ ಮುಕ್ಕಾಲು ಪಾಲು ಎಣ್ಣೆ ಉಳಿಸಬಹುದು, ಹಾಗೆಂದು ಓದಿದ್ದೆ. ಉಷ್ಣಮಾಪಕ ನೋಡುತ್ತ, ಕೆಂಡ ಕೆದಕುತ್ತ ದಿನವೆಲ್ಲ ಅಲ್ಲೇ ಕೂತೆ. ಕೆಂಡದ ಲೆಕ್ಕ ಇಟ್ಟವಳು ತಗಡಿನ ಲೆಕ್ಕ ಇಡಲಿಲ್ಲ. ನೆರಳೇ ಇಲ್ಲದ ಊರಿನ ಬಿಸಿಲಿಗೆ ಹೊತ್ತೇರಿದಂತೆ ತಗಡು ಕಾದು, ಕೆಂಡ ಆರಿಸಿದ ಮೇಲೂ ಕೊಟ್ಟಿಗೆ ಒಲೆಯಾಗಿಯೇ ಇತ್ತು.

ಮರುದಿನ ಬೀದಿಯೆಲ್ಲ ಘಮಘಮ. ನೀರಿಗೆ ಹೋಗುವವರು ನಿಂತು ಮೂಗರಳಿಸಿದರು. ಓಬಕ್ಕ ಗೋಡೆಯಾಚೆಯಿಂದ ಕೂಗಿದರು.

"ಏನಮ್ಮಾ ಇಂದೂ, ಊರಿಗೇ ಅತ್ತರು ಚೆಲ್ಲಿದ್ದೀಯಲ್ಲ! ನಮ್ಮತ್ತೆ ಇಷ್ಟು ಸುಗ್ಗಿ ಮಾಡಿದ್ರೂ ಒಂದು ದಿನ ಹೀಗೆ ಘಮ್ಮಂದಿರ್ಲಿಲ್ಲ."

ಅವರು ಹೊಗಳುತ್ತಿದ್ದರು. ಆದರೆ ಬೀದಿಯಲ್ಲಿರುವುದು ಗಿಂಡಿಯಲ್ಲಿ ಇರುವುದಿಲ್ಲ. ಒಂದು ಹಿಡಿ ಸೊಪ್ಪು ತೆಗೆದು ಗಾಜಿನ ನಳಿಕೆಯಲ್ಲಿ ಇಳಿಸಿ ನೋಡಿದೆ. ನೀರಿನ ಮೇಲೆ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಪೊರೆ. ಬೆಳೆಯ ಅರ್ಧ ಗಾಳಿಗೆ ಹೋಗಿತ್ತು. ಹೊಲದಲ್ಲಿ ಇನ್ನರ್ಧ ನಿಂತಿತ್ತು, ಹೂವು ಬಲಿತು ಉದುರುವುದರಲ್ಲಿತ್ತು.

ಅತ್ತೆಗೆ ಹೇಳಿದೆ. ಅವರು ಸೊಪ್ಪನ್ನು ಉಜ್ಜಿ ಮೂಸಿದರು. "ಹೋಗ್ಲಿ ಬಿಡು. ಊರಿನ ಮೂಗಾದ್ರೂ ತಣ್ಣಗಾಯ್ತು" ಎಂದರು. ಬೆಳಿಗ್ಗೆ ಎದ್ದಾಗ ಅವರು ಮನೆಯಲ್ಲಿರಲಿಲ್ಲ. ಉಳಿದ ದವನದಲ್ಲಿ ಒಂದು ಹೊರೆ ಕೊಯ್ದು ತಂದು, ಅಂಗಳದಲ್ಲಿ ತೆಳ್ಳಗೆ ಹರವಿ, ಅದಕ್ಕೆ ಬಿಸಿಲು ತಾಗದಂತೆ ತಾವೇ ಅಡ್ಡ ನಿಂತಿದ್ದರು.

ಸಣ್ಣ ಹೆಂಗಸು ಅವರು. ಸೆರಗನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದಿದ್ದರು. ಸೆರಗಿಗೆ ನೆರಳಿಲ್ಲ ಎಂದು ಅವರಿಗೂ ಗೊತ್ತು. ಕೈಗಳಿಗೆ ಇದೆ. ಸೂರ್ಯ ಒಂದಿಷ್ಟು ಸರಿದರೆ ಅವರೂ ಒಂದು ಹೆಜ್ಜೆ ಸರಿಯುತ್ತಿದ್ದರು. ಹೊರೆಯಲ್ಲಿ ಮುಕ್ಕಾಲು ಬಿಸಿಲಲ್ಲೇ ಇತ್ತು.

"ಅತ್ತೆ, ಒಳಗೆ ಬನ್ನಿ."

"ಬಿಸಿಲು ನಂಗೇನು ಹೊಸದಾ?"

"ಕಾಲು ನೋಡಿ, ಬಾತಿದೆ."

"ಬಾತರೆ ನೆರಳು ಇನ್ನಷ್ಟು ಅಗಲ ಬೀಳುತ್ತೆ ಬಿಡು."

ಓಬಕ್ಕ ಗೋಡೆಯ ಬಳಿ ಬಂದಿದ್ದರು. "ದೇವೀರಕ್ಕ, ಮದುವೆಯಾದ ಹೊಸದರಲ್ಲಿ ನಿಂತ ಹಾಗೇ ನಿಂತಿದ್ದೀಯಲ್ಲೇ!"

"ಆಗ ಎದುರಿಗೊಬ್ಬ ನಿಂತಿರ್ತಿದ್ದ ಕಣೆ. ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ."

ನಾನೂ ಹೋಗಿ ಎದುರಿಗೆ ನಿಂತೆ. ನಮ್ಮಿಬ್ಬರದೂ ಸೇರಿ ಎರಡು ಮೊರದಷ್ಟಾಯಿತು. ಮಧ್ಯಾಹ್ನ ಅದೂ ಕಾಲಡಿಗೆ ಬಂದು ನಿಂತಿತು. ಅತ್ತೆಯ ತುಟಿ ಒಣಗಿ ಬಿಳಿಯಾಗಿತ್ತು. ನೀರು ತರಲು ಒಳಗೆ ಬಂದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೂಲೆಯಲ್ಲಿ ಟ್ರಂಕು ಕಂಡಿತು. ಅದರೊಳಗೆ ಅವರ ಮಗನ ನೆರಳು ಉದ್ದಕ್ಕೆ, ಇಡೀ ಅಂಗಳಕ್ಕೆ ಆಗುವಷ್ಟಿದೆ. ಹೊರಗೆ ಅವರು ಕೈ ಚಾಚಿ ನಿಂತಿದ್ದಾರೆ. ಒಂದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. ಸರದಿ ಹೋದರೆ ಈ ಟ್ರಂಕನ್ನು ನಾನು ಗಡಿಯವರೆಗೆ ಹೊತ್ತುಕೊಂಡು ಹೋಗಬಹುದು. ಅಲ್ಲಿಂದ ಮುಂದೆ ಬರೀ ಟ್ರಂಕು.

ಬೀಗ ತೆಗೆದೆ. ಚಾಪೆಯನ್ನು ಎತ್ತಿಕೊಂಡು ಬಾಗಿಲ ಬಳಿ ಬಂದು ಬಿಚ್ಚಿದೆ.

ಏನೂ ಇರಲಿಲ್ಲ.

ಚಾಪೆಯ ಎರಡೂ ಮಗ್ಗುಲು ನೋಡಿದೆ. ಟ್ರಂಕಿನೊಳಗೆ ಕೈಯಾಡಿಸಿದೆ. ಕರ್ಪೂರ ಕರಗಿ ಹೋಗಿದ್ದ ಜಾಗ, ತಗಡು, ಕತ್ತಲು. "ಅತ್ತೇ!" ಎಂದು ಕೂಗಿದೆ. ಅವನು ಸತ್ತಾಗಲೂ ನಾನು ಹಾಗೆ ಕೂಗಿರಲಿಲ್ಲ.

ಅವರು ಕುಂಟುತ್ತ ಬಂದರು. ಚಾಪೆ ನೋಡಿದರು, ಟ್ರಂಕು ನೋಡಿದರು.

"ಇಷ್ಟು ದಿನ ಮುಚ್ಚಿಯೇ ಇಟ್ಟಿದ್ದೆಯಾ? ಒಂದು ಸಲನೂ ಬಿಸಿಲು ತೋರಿಸ್ಲಿಲ್ವಾ?"

"ಸವೆದು ಹೋಗಬಾರದು ಅಂತ, ಅತ್ತೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಗ್ಗಿ ಟ್ರಂಕಿನ ಒಂದು ಅಂಚು ಹಿಡಿದರು. "ನಾನೂ ಕೇಳಬೇಕಿತ್ತು. ನೀನು ಮುಟ್ಟಬೇಡಿ ಅಂದೆ ಅಂತ ಸುಮ್ಮನಾಗ್ಬಿಟ್ಟೆ. ಬಾ, ಆ ಕಡೆ ಹಿಡಿ."

ಕತ್ತಲು ನೆರಳಲ್ಲ. ಮುಚ್ಚಿದ ಕೋಣೆಯಲ್ಲಿ ದವನ ಒಣಗುವುದಿಲ್ಲ ಎಂದು ಓದಿ ಬಲ್ಲವಳು ನಾನು. ಬಿಸಿಲಿದ್ದರೆ ನೆರಳು ಎನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ. ಇಬ್ಬರೂ ಟ್ರಂಕನ್ನು ಅಂಗಳಕ್ಕೆ ಎಳೆದೆವು. ಹರವಿದ್ದ ಸೊಪ್ಪನ್ನು ಬದಿಗೆ ಗುಡಿಸಿ, ಟ್ರಂಕನ್ನು ಬೋರಲು ಹಾಕಿ, ತಳ ತಟ್ಟಿದೆವು. ನೆಲದ ಮೇಲೆ ಬಿಸಿಲು ಬಿಟ್ಟರೆ ಏನೂ ಬೀಳಲಿಲ್ಲ.

"ಬಂದ್ರೆ ಬರ್ತಾನೆ" ಎಂದು ಅತ್ತೆ ನೆಲದಲ್ಲೇ ಕೂತರು. ನಾನೂ ಕೂತೆ. ಗೋಡೆಯಾಚೆ ನಿಂತಿದ್ದ ಓಬಕ್ಕ ಒಂದು ಚೊಂಬು ನೀರು ತಂದು ಇಬ್ಬರ ನಡುವೆ ಇಟ್ಟು ಹೋದರು.

ಮೊದಲು ಒಂದು ಕಲೆ ಕಂಡಿತು. ಬೂದಿ ತೊಳೆದ ನೀರು ಚೆಲ್ಲಿದಷ್ಟು. ಕಣ್ಣು ಮಂಜಾದದ್ದೆಂದುಕೊಂಡೆ. ಒದ್ದೆ ನೆಲ ಆರುವುದನ್ನು ಹಿಂದುಮುಂದಾಗಿ ನೋಡಿದ ಹಾಗೆ ಅದು ಹರಡಿತು. ಭುಜವಾಯಿತು. ತಲೆಯಾಯಿತು, ಎಡಗಿವಿಯ ಬಳಿ ಯಾವಾಗಲೂ ನಿಗುರಿ ನಿಲ್ಲುತ್ತಿದ್ದ ಕೂದಲಾಯಿತು. ಕೊನೆಗೆ ಕೈ, ಮೇಲೆತ್ತಿದ್ದ ಕೈ. ಅತ್ತೆ ಬಗ್ಗಿ ಆ ಕೂದಲಿದ್ದಲ್ಲಿ ನೆಲ ಸವರಿದರು.

"ತೆಳ್ಳಗಾಗಿದ್ದಾನೆ" ಎಂದರು.

ನಾನು ಅತ್ತುಬಿಟ್ಟೆ. ಒಂದು ವರ್ಷದ್ದು ಒಟ್ಟಿಗೆ ಬಂತು. ಅವರು ತಡೆಯಲಿಲ್ಲ. ಚೊಂಬಿನ ನೀರಿನಲ್ಲಿ ತಮ್ಮ ಸೆರಗು ಅದ್ದಿ ನನ್ನ ಕೈಗೆ ಕೊಟ್ಟರು. ಆಮೇಲೆ, "ಸವೀತಾನೆ ಅಂತ ಹೆದರ್ತೀಯಾ?" ಎಂದರು. "ನಿಮ್ಮ ಮಾವನ್ನ ನಾನು ಇಷ್ಟು ಸುಗ್ಗಿ ಸವೆಸಿದೆ. ಆದ್ರೆ ಎದ್ದರೆ ಕೂತರೆ ಕಣ್ಮುಂದೆ ಇರ್ತಿದ್ರು. ಈಗ್ಲೂ ಮಜ್ಜಿಗೆ ಹುಳಿ ಬರದ ಹಾಗೆ ನೋಡ್ಕೊಳ್ತಾರೆ. ಅಷ್ಟು ಸಾಕು ನಂಗೆ."

ಆ ದಿನದ ಹೊರೆಯನ್ನು ಅವನ ಮೇಲೆ ಹರವಿದೆವು. ಮಸುಕಾದ ನೆರಳು, ಬೆಳಕು ಜರಡಿ ಹಿಡಿದಂತೆ ಒಳಗೆ ಬರುತ್ತಿತ್ತು. ಸಾಲದೇನೋ ಎಂದು ಹೆದರಿದ್ದೆ. ಮರುದಿನ ನೋಡಿದರೆ ಒಂದಿಷ್ಟು ಗಾಢವಾಗಿತ್ತು. ಬಿಸಿಲು ಬಿದ್ದಷ್ಟೂ ಅವನು ಕಪ್ಪಾದ. ಹೊಲದಲ್ಲಿ ಉಳಿದದ್ದನ್ನೆಲ್ಲ ಕೊಯ್ದು ತಂದೆವು. ತಲೆಯಿಂದ ಪಾದದವರೆಗೆ ತೆಳ್ಳಗೆ ಹಾಸಿದೆವು, ಎತ್ತಿದ ಕೈಯ ಉದ್ದಕ್ಕೂ ಹಾಸಿದೆವು. ಅತ್ತೆ ಸೊಪ್ಪನ್ನು ಮತ್ತೆ ಮತ್ತೆ ತಿರುವಿ ಹಾಕಲು ಬಂದರೆ ನಾನು ಬಿಡಲಿಲ್ಲ. ಹೂವಿನ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಗುಳ್ಳೆಗಳಿವೆ, ಕೈ ಆಡಿಸಿದಷ್ಟೂ ಒಡೆಯುತ್ತವೆ.

"ಅದಕ್ಕೇ ಏನೋ ನಿಮ್ಮ ಮಾವ ನನ್ನ ಕೈ ಮೇಲೆ ಹೊಡೀತಿದ್ರು. ನಾನು ಜಿಪುಣತನ ಅಂದ್ಕೊಂಡಿದ್ದೆ."

"ಜಿಪುಣತನವೂ ಇದ್ದಿರಬಹುದು, ಅತ್ತೆ."

ಅವರು ನನ್ನನ್ನು ತಿರುಗಿ ನೋಡಿದರು. ನಾನು ತಮಾಷೆ ಮಾಡಿದ್ದೆ. ಇಬ್ಬರಿಗೂ ಅದು ಒಟ್ಟಿಗೇ ಗೊತ್ತಾಯಿತು.

ಬೀದಿ ಈ ಸಲ ಘಮ್ಮೆನ್ನಲಿಲ್ಲ. ಬಗ್ಗಿ ಮುಖ ಹತ್ತಿರ ತಂದರಷ್ಟೇ ವಾಸನೆ. ಎಲೆ ಬಾಡಿ ಮುದುಡಿ, ಕಡ್ಡಿ ಬಾಗಿಸಿದರೆ ಮುರಿಯದೆ ಬಳುಕುವ ಹದದಲ್ಲಿ ಸೊಪ್ಪನ್ನು ಎತ್ತಿದೆ. ಪೂರ್ತಿ ಗರಿಗರಿಯಾಗುವವರೆಗೆ ಬಿಟ್ಟರೆ ನೆರಳಲ್ಲೂ ಎಣ್ಣೆ ಹೋಗುತ್ತದೆ.

ನಮ್ಮ ಸರದಿಯ ದಿನ ಭಟ್ಟಿಯ ತಿಪ್ಪಯ್ಯ ಹೊರೆ ನೋಡಿ ಮುಖ ಸಿಂಡರಿಸಿದರು.

"ಅರ್ಧ ಹೊರೆ ತಂದಿದ್ದೀರಲ್ಲ ತಾಯಿ. ಗಿಂಡಿ ಕಂಠಕ್ಕೆ ಬರದಿದ್ರೆ ನನ್ನ ಕೈಲಿ ಏನೂ ಇಲ್ಲ. ನಮ್ಮ ಅಜ್ಜನ ಕಾಲದಲ್ಲಿ ಅಜ್ಜೀದೇ ತುಂಬಲಿಲ್ಲ. ಅಜ್ಜ ತಾನೇ ಭಟ್ಟಿಯವನು, ತಾನೇ ಸರದಿ ತೆಗೆದ. ಅಜ್ಜಿ ಮೂರು ತಿಂಗಳು ಮುದ್ದೆ ಹಾಕಲಿಲ್ಲ."

"ನೀನು ಹಂಡೆ ತುಂಬು. ಮುದ್ದೆ ವಿಚಾರ ಆಮೇಲೆ" ಎಂದರು ಅತ್ತೆ.

ಹಂಡೆಗೆ ಸೊಪ್ಪು ತುಂಬಿ ಮುಚ್ಚಳ ಮೆತ್ತಿದರು. ಹಬೆ ಎದ್ದು ಕೊಳವೆಯಲ್ಲಿ ಹಾದು, ನೀರ ತೊಟ್ಟಿಯಲ್ಲಿ ತಣಿದು, ತೊಟ್ಟಿಕ್ಕತೊಡಗಿತು. ನೀರಿನ ಮೇಲೆ ಕಂದು ಹಳದಿಯ ದಪ್ಪ ಎಣ್ಣೆ ತೇಲಿ ನಿಂತಿತು. ತಿಪ್ಪಯ್ಯ ಅದನ್ನು ಎತ್ತಿ ಎತ್ತಿ ಕಂಚಿನ ಗಿಂಡಿಗೆ ಬಿಟ್ಟರು. ಗಿಂಡಿಯ ಹೊಟ್ಟೆ ತುಂಬಿತು. ಕಂಠದ ಗೆರೆ ಇನ್ನೂ ಮೇಲಿತ್ತು. ತೊಟ್ಟಿನ ನಡುವೆ ಬಿಡುವು ಹೆಚ್ಚಿತು. ಅವರು ಉರಿ ಹೆಚ್ಚಿಸಲು ಹೋದಾಗ ನಾನು "ಬೇಡ, ಹೀಗೇ ಇರಲಿ, ಕಾಯೋಣ" ಎಂದೆ. ಅವರು ಅತ್ತೆಯ ಮುಖ ನೋಡಿದರು. "ಅವಳು ಹೇಳಿದ ಹಾಗೆ ಮಾಡು" ಎಂದರು ಅತ್ತೆ. ಕಾದೆವು. ಎಣ್ಣೆ ತೆವಳುತ್ತ ಏರಿ ಗೆರೆಯನ್ನು ಮುಟ್ಟಿತು. ಮುಟ್ಟಿ ನಿಂತಿತು. ಒಂದು ತೊಟ್ಟು ಹೆಚ್ಚಿಲ್ಲ.

ತಿಪ್ಪಯ್ಯ ಗಿಂಡಿಯನ್ನು ಓರೆ ಮಾಡದೆ ಬೆಳಕಿಗೆ ತಂದು, ಬಾಯೊಳಗೆ ಇಣುಕಿ ನೋಡಿದರು. "ಹಾಲೇಶನ ಮನೆ, ಆಯ್ತು" ಎಂದು ಗಟ್ಟಿಯಾಗಿ ಕೂಗಿದರು. ಮುಂದಿನ ಸರದಿಯವರು ಹೊರೆ ಎತ್ತಿಕೊಂಡರು.

ದವನ ಕೊಯ್ದ ಬುಡದಲ್ಲಿ ಮತ್ತೆ ಚಿಗುರುತ್ತದೆ. ಎರಡನೆಯ ಕೊಯ್ಲು ಸಣ್ಣದು, ಮನೆ ಖರ್ಚಿಗೆ. ಅದನ್ನು ತಂದ ದಿನ ಅತ್ತೆ ಮಜ್ಜಿಗೆ ಕಡೆಯುತ್ತಿದ್ದರು. ನಾನೊಬ್ಬಳೇ ಅಂಗಳದಲ್ಲಿದ್ದೆ. ಅವನು ಎಂದಿನಂತೆ ಮಲಗಿದ್ದ, ಈಗ ಚೆನ್ನಾಗಿ ಕಪ್ಪಾಗಿ. ಅಂಚಿನಲ್ಲಿ ಒಂದು ಬೆರಳಿನಷ್ಟು ಸವೆದಿದ್ದ. ನೋಡಿದೆ. ನೋಡಲು ಆಯಿತು.

ಸೊಪ್ಪನ್ನು ಗಾಳಿ ಬರುವ ಕಡೆಯಿಂದ ಹರವುತ್ತ ಬರಬೇಕು, ಇಲ್ಲದಿದ್ದರೆ ಹಾರಿಹೋಗುತ್ತದೆ. ಗಾಳಿ ಯಾವ ಕಡೆಯದೆಂದು ತಿಳಿಯಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಬಲಗೈಯನ್ನು ಮೇಲೆತ್ತಿದೆ.

ಹೊತ್ತಿಳಿದಿತ್ತು. ನನ್ನ ನೆರಳು ಉದ್ದಕ್ಕೆ ಅವನ ಪಕ್ಕದಲ್ಲಿ ಬಿತ್ತು. ಅದೇ ಭುಜ, ಅದೇ ಎತ್ತಿದ ಕೈ.

ಕರೆಯುತ್ತಿರಲಿಲ್ಲ ಅವನು. ಕೊಯ್ದದ್ದನ್ನು ಮನೆಗೆ ತಂದು ಹರವಬೇಕಿತ್ತಲ್ಲ, ಗಾಳಿ ನೋಡುತ್ತಿದ್ದ.

"ಇಂದೂ," ಒಳಗಿನಿಂದ ಅತ್ತೆ ಕೂಗಿದರು, "ಗಾಳಿ ಇದೆಯೇನೇ?"

"ಇದೆ ಅತ್ತೆ" ಎಂದೆ. ಕೈ ಇಳಿಸಲು ಸ್ವಲ್ಪ ಹೊತ್ತು ಬೇಕಾಯಿತು.